ಉದ್ಯೋಗ: ಗೃಹಿಣಿ

ಎಡಗಡೆ ಕೆಳಗಿನ ಬುದ್ಧಿಹಲ್ಲು ಅಡ್ಡ ಮಲಗಿತ್ತು,
ಮುಂದಿನ ದವಡೆಹಲ್ಲಿಗೆ ತಲೆಯೊರಗಿಸಿ,
ಬಸ್ಸಿನಲ್ಲಿ ನಿದ್ದೆಹೋದ ಅಪರಿಚಿತನ ಹಾಗೆ.
ಬೇರು ನರದ ಕೊಳವೆಯ ಮೇಲೆ ಕಾಲಿಟ್ಟಿದ್ದು
ಎಕ್ಸ್‌ರೇಯಲ್ಲಿ ಕಂಡಿತ್ತು.
ನೋಡಿದ್ದೆ. ನೋಡಲಿಲ್ಲ ಅನ್ನಲಾರೆ.

ನಜ್ಮಿಯೆ, ವಯಸ್ಸು ಐವತ್ತೊಂದು.
ಗಿರೆಸುನ್ ಪೇಟೆಯಿಂದ ಮೇಲಕ್ಕೆ, ಹೇಜಲ್‌ಕಾಯಿ ಗಿಡಗಳು
ಬೆಟ್ಟಕ್ಕೆ ಬೆರಳೂರಿ ನಿಂತ ಕಣಿವೆಯವಳು.
ಕೆನ್ನೆ ಊದಿ ಬಂದದ್ದು ಅದು ಮೂರನೇ ಸಲ.
ಪದ್ಧತಿಯಂತೆ ಓದಿ ಹೇಳಿದೆ:
ನೋವು, ಊತ, ನಾಲ್ಕು ದಿನ ಬಾಯಿ ತೆರೆಯಲು ಕಷ್ಟ;
ಹೆಪ್ಪುಗಟ್ಟಿದ ರಕ್ತ ಕಿತ್ತು ಬಂದರೆ
ಗುಳಿ ಒಣಗಿ, ಎಲುಬಿಗೆ ಗಾಳಿ ತಾಗಿ, ಕಿವಿತನಕ ಸೆಳೆತ,
ಅದಕ್ಕೇ ಸ್ಟ್ರಾ ಬೇಡ, ಸಿಗರೇಟು ಬೇಡ, ಜೋರಾಗಿ ಉಗುಳೋದು ಬೇಡ.
ಇನ್ನು, ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ
ಕೆಳತುಟಿ ಜೋಮು ಹಿಡಿಯುತ್ತದೆ. ಸಾಮಾನ್ಯವಾಗಿ ಬಿಡುತ್ತದೆ.

‘ಸಾಮಾನ್ಯವಾಗಿ’ ಅನ್ನೋ ಮಾತನ್ನು
ನಾನು ಹತ್ತಿಯ ಹಾಗೆ ಬಳಸುತ್ತೇನೆ.

ಉದ್ಯೋಗದ ಖಾನೆಯಲ್ಲಿ ‘ಗೃಹಿಣಿ’ ಅಂತ ನಾನೇ ತುಂಬಿದೆ.
ಅವಳು ಕೇಳಿದ್ದು ಒಂದೇ:
ಕೊನೇ ಮಿನಿಬಸ್ಸು ಐದಕ್ಕೆ, ಅಷ್ಟರಲ್ಲಿ ಮುಗಿಯುತ್ತಾ?

ಮುಗಿಯಿತು. ಒಸಡು ಸೀಳಿ, ಎಲುಬು ಕೊರೆದು,
ಹಲ್ಲನ್ನು ಎರಡು ಹೋಳು ಮಾಡಿ ಎತ್ತಿ,
ಮೂರು ಹೊಲಿಗೆ.
ಗುಳಿಯ ತಳದಲ್ಲಿ ಬಿಳಿ ನೂಲಿನಂಥದೇನೋ ಮಿನುಗಿ
ಮೇಲೆ ರಕ್ತ ತುಂಬಿಕೊಂಡಿತು.
ಕೇಸ್ ಶೀಟಿನಲ್ಲಿ ಬರೆದೆ: ತೊಡಕಿಲ್ಲ.

ಎಂಟನೇ ದಿನ ಹೊಲಿಗೆ ಬಿಚ್ಚುವಾಗ ಅಂದಳು,
“ಡಾಕ್ಟರ್, ನಿಮ್ಮ ಸೂಜಿ ಇನ್ನೂ ಇಳಿದಿಲ್ಲ.”

ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಮುಟ್ಟಿದೆ,
ಪಿನ್ನಿನಿಂದ ಚುಚ್ಚಿದೆ. “ಈಗ? ಈಗ?”
ಭೂಮಾಪಕನ ಹಾಗೆ ಗಲ್ಲದ ಮೇಲೆ
ನೀಲಿ ಪೆನ್ನಿನಿಂದ ಗಡಿ ಎಳೆದೆ:
ಇಲ್ಲಿಂದ ಇಲ್ಲಿಗೆ ಅವಳು ಇಲ್ಲ.

ಮೂರನೇ ತಿಂಗಳು ಇರುವೆ ಹರಿದ ಹಾಗೆ ಅಂದಳು,
ಒಳ್ಳೆ ಲಕ್ಷಣ ಅಂದೆ. ಆಗ ಹೇಳಿದಳು:
ಎದುರು ಗುಡ್ಡದ ಹವ್ವಾ, ನಡುವೆ ಹೊಳೆ,
ಇಳಿದು ಹತ್ತಿದರೆ ಒಂದೂವರೆ ಗಂಟೆ.
ಮೂವತ್ತೆಂಟು ವರ್ಷದಿಂದ ಇಬ್ಬರ ಮಾತೂ ಸಿಳ್ಳೆಯಲ್ಲೇ.
ಹಿಟ್ಟಿದೆಯಾ, ಮಗು ಮಲಗಿತಾ, ಸೊಸೆ ಏನಂದಳು,
ಪೂರಾ ವಾಕ್ಯ, ಬೈಗುಳ ಸಮೇತ.
ಈಗ ಬೆರಳು ತುಟಿಗಿಟ್ಟರೆ
ಎಲ್ಲಿ ಗಾಳಿ ಸೋರುತ್ತದೋ ತನಗೇ ಗೊತ್ತಾಗುತ್ತಿಲ್ಲ.
“ಗರಗಸ ಕಳಿಸು ಅಂದೆ, ಡಾಕ್ಟರ್.
ಸತ್ತವರು ಯಾರು ಅಂತ ಕೇಳಿದಳು.”

ನಗುತ್ತಲೇ ಹೇಳಿದಳು. ಬಲಗಡೆಯಿಂದ.

ಬೇರನ್ನು ಅಲ್ಲೇ ಬಿಟ್ಟು ತಲೆಯನ್ನಷ್ಟೇ ಕತ್ತರಿಸಬಹುದಿತ್ತು.
ಅದಕ್ಕೂ ಅದರದೇ ಕಾಟ: ಬಿಟ್ಟ ಬೇರು ಕೀವಾಗಬಹುದು,
ವರ್ಷಗಳ ಮೇಲೆ ಮೇಲೆದ್ದು ಬಂದು
ಇನ್ನೊಮ್ಮೆ ಕುರ್ಚಿಗೆ ಕರೆಸಬಹುದು.
ಆದರೂ ತೂಗಿ ನೋಡಬೇಕಿತ್ತು.
ಗೃಹಿಣಿಯ ತುಟಿ ಎಷ್ಟು ತೂಗೀತು ಅಂತ
ತಕ್ಕಡಿ ಹೊರಗೇ ತೆಗೆಯಲಿಲ್ಲ ನಾನು.

ಈಗ ಆ ಖಾನೆಗೆ ಗೀಟು ಹೊಡೆದು ಕೇಳುತ್ತೇನೆ:
ಬಾಯಿಂದ ಏನೇನು ಮಾಡುತ್ತೀರಿ?
ತಿನ್ನುತ್ತೇನೆ, ಇನ್ನೇನು, ಅನ್ನುತ್ತಾರೆ.
ದರ್ಜಿ, ದಾರ ಕಡಿಯುತ್ತೇನೆ ಅಂದ.
ಬಂದರಿನಲ್ಲಿ ಮೀನು ಹರಾಜು ಕೂಗುವವನು
ಉತ್ತರ ಕೂಗಿಯೇ ತೋರಿಸಿದ, ನರ್ಸ್ ಓಡಿ ಬಂದಳು.
ಒಬ್ಬ ಮುದುಕ ಬಹಳ ಹೊತ್ತು ಯೋಚಿಸಿ
ಈಚೆಗೆ ಏನೂ ಇಲ್ಲ ಅಂದ.

ಹದಿನಾಲ್ಕನೇ ತಿಂಗಳು ಕೊನೆಯ ತಪಾಸಣೆ.
ಗಡಿ ಕುಗ್ಗಿ ಒಂದು ಹೇಜಲ್‌ಕಾಯಿಯಷ್ಟು ಉಳಿದಿದೆ.
ಅದು ಹಾಗೇ ಉಳಿಯುತ್ತದೆ, ಈ ಸಲ ‘ಸಾಮಾನ್ಯವಾಗಿ’ ಅನ್ನದೆ ಹೇಳಿದೆ.
ಚಹಾ ತರಿಸಿದೆ. ಕುಡಿದು, ತುಟಿ ಒದ್ದೆಯೋ ಒಣವೋ,
ಅಭ್ಯಾಸದಂತೆ ತಲೆವಸ್ತ್ರದ ತುದಿಯಿಂದ ಒರೆಸಿಕೊಂಡಳು.

ಹವ್ವಾಳಿಗೆ ಈಗ ಅರ್ಥವಾಗುತ್ತದಂತೆ.
“ಮಾತು ಸರಿಯೇ ಇದೆ, ರಾಗ ಮಾತ್ರ ಬದಲಾಯ್ತು ಅಂತಾಳೆ.
ಕೆಳಗೆ ಸಮುದ್ರದ ಕಡೆಯವರ ಹಾಗಂತೆ.
ನಿಮ್ಮ ಕಡೆಯವರ ಹಾಗೆ.”